ನವಿ ಪೇಠದಿಂದ ಅಕ್ಕಲಕೋಟೆಗೆ: ಉಕ್ಕಿನ ನೀಲಿಯ ಹಾದಿ

ಸೊಲ್ಲಾಪುರದ ರೈಲು ನಿಲ್ದಾಣದಲ್ಲಿ ಇಳಿದು ಊರೊಳಗೆ ಬರುವವರಿಗೆ ನವಿ ಪೇಠ ದೂರವಲ್ಲ. ಚಾದರು, ಸೀರೆ, ಸಿದ್ಧ ಉಡುಪುಗಳ ಅಂಗಡಿಗಳ ಸಾಲಿನಲ್ಲಿ ಮರಾಠಿಯಲ್ಲಿ ಹೇಳಿದ ಬೆಲೆಗೆ ಕನ್ನಡದಲ್ಲಿ ಚೌಕಾಶಿ ನಡೆದು ತೆಲುಗಿನಲ್ಲಿ ಲೆಕ್ಕ ಮುಗಿಯುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಗಿರಣಿಗಳ ಭೋಂಗಾ ನಿಂತು ಎಷ್ಟೋ ಕಾಲವಾಯಿತು. ಆದರೂ ಬಣ್ಣದ ವಿದ್ಯೆ ಊರನ್ನು ಬಿಟ್ಟು ಹೋಗಿಲ್ಲ. ನೀಲಿಯ ತೊಟ್ಟಿಗೆ ಕಾಸ್ಟಿಕ್ ಸೋಡಾ ಬೇಕೆಂಬುದು, ತೊಟ್ಟಿಯಿಂದ ಹಳದಿ ಹಸುರಾಗಿ ಮೇಲೇಳುವ ನೂಲು ಗಾಳಿ ತಾಗಿದ ಮೇಲೆಯೇ ನೀಲಿಯಾಗುತ್ತದೆಂಬುದು ಇಲ್ಲಿನ ಬಣ್ಣಗಾರರಿಗೆ ಹೊಸ ಮಾತಲ್ಲ.

ಇದೇ ಕಾಸ್ಟಿಕ್ ಸೋಡಾ ಇನ್ನೊಂದು ನೀಲಿಯನ್ನೂ ಹುಟ್ಟಿಸುತ್ತದೆ. ಅದು ನೂಲಿನದಲ್ಲ, ಉಕ್ಕಿನದು. ಆ ಬಣ್ಣವನ್ನು ಮನಸ್ಸಿಟ್ಟು ನೋಡಬೇಕೆನ್ನುವವರು ಸುಮಾರು ನಲವತ್ತು ಕಿಲೋಮೀಟರು ಆಗ್ನೇಯಕ್ಕೆ, ಅಕ್ಕಲಕೋಟೆಗೆ ಹೋಗಬೇಕು.

ದಾರಿ ಕುಂಭಾರಿ, ವಳಸಂಗಗಳ ಮೇಲೆ ಸಾಗುತ್ತದೆ. ಎರಡೂ ಬದಿಗೆ ಎರೆಭೂಮಿ, ಹಿಂಗಾರಿಯಲ್ಲಿ ಬಿಳಿಜೋಳ. ಊರು ಹತ್ತಿರವಾದಂತೆ ಬಸ್ಸಿನೊಳಗಿನ ಮಾತು ತಾನಾಗಿಯೇ ಕನ್ನಡಕ್ಕೆ ಹೊರಳುತ್ತದೆ. ಬಸ್ಸು ತುಂಬಿಸುವವರು ಹೆಚ್ಚಾಗಿ ಸ್ವಾಮಿ ಸಮರ್ಥರ ಭಕ್ತರು. ಸಮರ್ಥರು 1856ರಲ್ಲಿ ಇಲ್ಲಿಗೆ ಬಂದು 1878ರಲ್ಲಿ ಸಮಾಧಿಸ್ಥರಾದರು. ವಟವೃಕ್ಷದ ದರ್ಶನ ಮುಗಿಸಿ ಪ್ರಸಾದ ಪಡೆದು ಮರಳುವವರಲ್ಲಿ ಎಲ್ಲರೂ ಅರಮನೆಯ ಶಸ್ತ್ರಾಗಾರದ ಕಡೆಗೆ ಕಾಲು ಹಾಕುವುದಿಲ್ಲ. ಹಾಕಿದವರು ಬೇಗ ಹೊರಬರುವುದೂ ಇಲ್ಲ.

ಛತ್ರಪತಿ ಶಾಹೂ ಮಹಾರಾಜರ ದತ್ತುಪುತ್ರ ಫತ್ತೇಸಿಂಹ ಭೋಸಲೆಯವರಿಂದ ಆರಂಭವಾದ ಈ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಧಿಕಾರ ಹೋಯಿತು, ಆಯುಧಗಳು ಉಳಿದವು. ಕತ್ತಿ, ಕಠಾರಿ, ಗುರಾಣಿ, ಬಂದೂಕುಗಳ ಈ ಸಂಗ್ರಹ ದೊಡ್ಡದು. ಹಳೆಯ ಬಂದೂಕನ್ನು ನೋಡುವವರ ಕಣ್ಣು ಮೊದಲು ನಳಿಗೆಯ ಬಣ್ಣಕ್ಕೆ ಹೋಗಬೇಕು. ಒಳ್ಳೆಯ ಉಕ್ಕಿನ ಮೇಲೆ ಕಪ್ಪೂ ಅಲ್ಲದ ನೀಲಿಯೂ ಅಲ್ಲದ, ಮುಂಗಾರಿನ ಮೋಡದಂಥ ಒಂದು ಛಾಯೆ ಇರುತ್ತದೆ. ಹಿಡಿದ ಕೈ ಸವೆಸಿದೆಡೆ ಅದು ಬೂದಿಯಾಗಿ, ಅಂಚುಗಳಲ್ಲಿ ಬಿಳಿಯಾಗಿರುತ್ತದೆ. ಆ ಸವೆತವೇ ಆಯುಧದ ಚರಿತ್ರೆ.

ಈ ಛಾಯೆ ಮೇಲೆ ಬಳಿದ ಬಣ್ಣವಲ್ಲ. ಕಬ್ಬಿಣವೇ ತಾಳಿದ ರೂಪ. ಕಬ್ಬಿಣಕ್ಕೆ ಎರಡು ಬಗೆಯ ತುಕ್ಕು ಉಂಟೆನ್ನಬಹುದು. ಕೆಂಪು ತುಕ್ಕು ಸಡಿಲವಾದದ್ದು. ನೀರು ಹಿಡಿದು ಉಬ್ಬುತ್ತದೆ, ಪುಡಿಯಾಗಿ ಉದುರುತ್ತದೆ, ಒಳಗಿನ ಲೋಹವನ್ನು ತಿನ್ನುತ್ತ ಹೋಗುತ್ತದೆ. ಕಪ್ಪು ತುಕ್ಕು ಮ್ಯಾಗ್ನೆಟೈಟ್. ಅದು ಬಿಗಿಯಾಗಿ ಅಂಟಿ ಕುಳಿತುಕೊಳ್ಳುತ್ತದೆ. ನೀಲಿ ಏರಿಸುವುದೆಂದರೆ ಕೆಂಪು ಬರುವ ಮೊದಲೇ ಕಪ್ಪನ್ನು ಕೂರಿಸುವುದು.

ಅದಕ್ಕೆ ದಾರಿಗಳು ಹಲವು. ಹಳೆಯದು ತುಕ್ಕಿನ ದಾರಿ: ನಳಿಗೆಗೆ ಸಮನಾಗಿ ಕೆಂಪು ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದನ್ನು ಕಪ್ಪಾಗಿಸಿ, ಸಡಿಲವಾದುದನ್ನು ಉಜ್ಜಿ ತೆಗೆದು, ಮತ್ತೆ ಮೊದಲಿನಿಂದ ಆರಂಭಿಸುವುದು. ಇದು ದಿನಗಟ್ಟಲೆ ತಾಳ್ಮೆ ಬೇಡುವ ಕೆಲಸ. ಬೆಂಕಿಯದು ಇನ್ನೊಂದು: ಹೊಳಪಿನ ಉಕ್ಕು ಕಾಯುತ್ತ ಹುಲ್ಲಿನ ಬಣ್ಣ, ನೇರಳೆಗಳನ್ನು ದಾಟಿ ಸುಮಾರು 300 ಡಿಗ್ರಿಯಲ್ಲಿ ನೀಲಿಯಾಗುತ್ತದೆ. ಹಳೆಯ ಗಡಿಯಾರಗಳ ನೀಲಿ ಸ್ಕ್ರೂಗಳು ಇದೇ ಬಗೆಯವು. ಕಾರ್ಖಾನೆಗಳು ಹಿಡಿದದ್ದು ಬಿಸಿ ಕ್ಷಾರದ ದಾರಿ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ಗಾಢ ದ್ರಾವಣ 100ರಲ್ಲಿ ಅಲ್ಲ, ಸುಮಾರು 140 ಡಿಗ್ರಿಯಲ್ಲಿ ಕುದಿಯುತ್ತದೆ. ಅದರಲ್ಲಿ ಅದ್ದಿದ ಉಕ್ಕು ಅರ್ಧ ಗಂಟೆಯೊಳಗೆ ಕಪ್ಪುನೀಲಿಯಾಗುತ್ತದೆ. ನವಿ ಪೇಠದ ಸೀರೆಯ ನೀಲಿಗೆ ಆಮ್ಲಜನಕ ಗಾಳಿಯಿಂದ ಬಂದರೆ, ಇಲ್ಲಿ ನೈಟ್ರೇಟಿನಿಂದ ಬರುತ್ತದೆ. ವ್ಯತ್ಯಾಸ ಇಷ್ಟೇ.

ಈ ನೆಲಕ್ಕೆ ಇಂಥ ವಿದ್ಯೆ ಅಪರಿಚಿತವಲ್ಲ. ಬೀದರಿನ ಕುಶಲಕರ್ಮಿಗಳು ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಬಿಸಿಮಾಡಿದ ಬಿದ್ರಿ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ. ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಲೋಹ ಏನನ್ನು ಸಹಿಸುತ್ತದೆ, ಏನನ್ನು ಸಹಿಸದು ಎಂಬ ತಿಳಿವಳಿಕೆಯೇ ಅಲ್ಲಿನ ಬಂಡವಾಳ.

ಮನೆಯ ಹಿತ್ತಲಲ್ಲಿ ಕೈಗೆ ಸಿಕ್ಕ ಪಾತ್ರೆಯಿಟ್ಟು ನೀಲಿ ಏರಿಸಹೊರಡುವವರು ಎಡವುವುದು ಆ ತಿಳಿವಳಿಕೆ ಇಲ್ಲದೆಡೆಯಲ್ಲಿಯೇ. ಅಲ್ಯೂಮಿನಿಯಂ ಪಾತೇಲಿಯನ್ನು ಬಿಸಿ ಕ್ಷಾರ ಕರಗಿಸುತ್ತದೆ. ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಏಳುತ್ತದೆ. ಸತುವಿನ ಲೇಪದ ಡಬ್ಬಿಯದೂ ಅದೇ ಗತಿ. ಕುದಿಯುವ ದ್ರಾವಣಕ್ಕೆ ನೀರು ಸುರಿದರೆ ಅದು ಮುಖದ ಮೇಲೆ ಸಿಡಿಯುತ್ತದೆ. ಕಣ್ಣಿಗೆ ಬಿದ್ದ ಕ್ಷಾರ ದೃಷ್ಟಿಯನ್ನೇ ಕಸಿಯಬಲ್ಲದು. ಜೋಡುನಳಿಗೆಯ ಹಳೆಯ ಬಂದೂಕುಗಳಲ್ಲಿ ಎರಡು ನಳಿಗೆಗಳನ್ನು ಸೀಸ-ತವರದ ಬೆಸುಗೆ ಹಿಡಿದಿರುವುದುಂಟು. ಅದನ್ನೂ ಕ್ಷಾರ ತಿನ್ನುತ್ತದೆ. ಹೊರಗೆ ಹೊಸತಾಗಿ ಹೊಳೆಯುವ ಬಂದೂಕು ಒಳಗೆ ಸಡಿಲಾಗಿರುತ್ತದೆ. ಇಷ್ಟೆಲ್ಲ ಆದ ಮೇಲೂ ಆ ನೀಲಿ ಪದರು ಅತಿ ತೆಳುವಾದದ್ದು. ತುಕ್ಕನ್ನು ನಿಜವಾಗಿ ತಡೆಯುವುದು ಅದು ಹಿಡಿದಿಟ್ಟುಕೊಳ್ಳುವ ಎಣ್ಣೆ.

ಲೋಹದ ಮಾತು ಮುಗಿದಲ್ಲಿ ಕಾನೂನಿನ ಮಾತು ಆರಂಭವಾಗುತ್ತದೆ. ಗಡಿಯ ಈಚೆಗಾಗಲಿ ಆಚೆಗಾಗಲಿ ಅನ್ವಯಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ. ಅದರ 5ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಬಂದೂಕುಗಳನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ದುರಸ್ತಿ ಮಾಡುವಂತಿಲ್ಲ. ಬಿಡಿಭಾಗಗಳೂ ಆಯುಧದ ವ್ಯಾಖ್ಯೆಯೊಳಗೇ ಬರುತ್ತವೆ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಸ್ವಂತ ಬಂದೂಕನ್ನು ಒರೆಸಿ ಎಣ್ಣೆ ಹಚ್ಚುವ ಪರವಾನಗಿದಾರನಿಗೆ ಭಯವಿಲ್ಲ. ನೆರೆಯವರ ಬಂದೂಕಿನ ಭಾಗಗಳನ್ನು ಸ್ನೇಹಕ್ಕಾಗಿಯೇ ಮನೆಗೆ ತಂದು ಒಲೆಯ ಮೇಲಿಡುವವನು ಮಾತ್ರ ಆ ಕಲಮಿನ ಹೊಸ್ತಿಲಲ್ಲಿ ನಿಂತಿರುತ್ತಾನೆ. ಪರವಾನಗಿದಾರನ ಲಿಖಿತ ಅನುಮತಿಯ ಮೇಲೆ ಬಂದೂಕನ್ನು ದುರಸ್ತಿಗಾಗಿ ಕೊಂಡೊಯ್ಯಲು ಕಾಯ್ದೆ ಬೇರೊಬ್ಬರಿಗೆ ಅವಕಾಶ ಕೊಟ್ಟಿದೆ; ಆದರೆ ಅದು ಒಯ್ಯುವುದಕ್ಕೆ, ದುರಸ್ತಿ ಮಾಡುವುದಕ್ಕಲ್ಲ.

ಇನ್ನೊಂದು ಅಪಾಯ ಮರಳುಕಾಗದದಲ್ಲಿದೆ. ನೀಲಿ ಏರಿಸುವ ಮೊದಲು ಉಕ್ಕನ್ನು ಉಜ್ಜಿ ಹೊಳಪಿಸಬೇಕು. ಉತ್ಸಾಹ ಹೆಚ್ಚಾದರೆ ನಳಿಗೆಯ ಮೇಲಿನ ಸಂಖ್ಯೆ, ತಯಾರಕರ ಮುದ್ರೆಗಳು ಅಳಿಯುತ್ತವೆ. ಗುರುತು ಅಳಿಸುವುದನ್ನು ಕಾಯ್ದೆಯ 8ನೆಯ ಕಲಮು ನಿಷೇಧಿಸುತ್ತದೆ. ಅಂದಕ್ಕಾಗಿ ಉಜ್ಜಿದೆನೆಂದು ನ್ಯಾಯಾಲಯವನ್ನು ಒಪ್ಪಿಸುವ ಹೊರೆ ಉಜ್ಜಿದವನ ತಲೆಯ ಮೇಲೆಯೇ ಬೀಳುತ್ತದೆ.

ವಾಡೆಯ ಅಟ್ಟದಲ್ಲಿ ಅಜ್ಜನ ಕಾಲದ ಬಂದೂಕು ಉಳಿದಿರುವ ಮನೆತನಗಳಿಗೆ 45ನೆಯ ಕಲಮು ಮುಖ್ಯವಾದದ್ದು. ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಕೆಗೆ ಬಾರದಂತಿದ್ದರೆ ಕಾಯ್ದೆ ಅದನ್ನು ಬಿಟ್ಟುಕೊಡುತ್ತದೆ. 'ದುರಸ್ತಿ ಮಾಡಿದರೂ' ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ಖಂಡೇನವಮಿಯ ಪೂಜೆಗೆ ಚೆಂದ ಕಾಣಲೆಂದು ಕುದುರೆ, ಸ್ಪ್ರಿಂಗುಗಳನ್ನು ಬಿಚ್ಚಿ ಬಣ್ಣವೇರಿಸಿ ಮತ್ತೆ ಜೋಡಿಸಿದಾಗ ಅದು ಕೆಲಸ ಮಾಡತೊಡಗಿದರೆ, ನಿನ್ನೆಯ ನೆನಪಿನ ವಸ್ತು ಇಂದು ಪರವಾನಗಿಯಿಲ್ಲದ ಬಂದೂಕೆಂದು ಲೆಕ್ಕಕ್ಕೆ ಬರುತ್ತದೆ. ಅಂಥ ವಸ್ತು ಇರುವ ಮನೆಯವರು ಒಲೆ ಹೊತ್ತಿಸುವ ಮೊದಲು ಕಾಗದಪತ್ರ ಹುಡುಕುವುದು ಲೇಸು. ಪರವಾನಗಿಯುಳ್ಳ ಬಂದೂಕಿನಂಗಡಿಯವರ ಅಭಿಪ್ರಾಯ ಕೇಳುವುದು ಇನ್ನೂ ಲೇಸು.

ಶಸ್ತ್ರಾಗಾರದಿಂದ ಹೊರಬಂದು ಸಂಜೆಯ ಸೊಲ್ಲಾಪುರ ಬಸ್ಸು ಹಿಡಿಯುವವರ ಕಣ್ಣಿನಲ್ಲಿ ಉಳಿಯುವುದು ಹೊಳಪಲ್ಲ. ಸವೆದ ಅಂಚು, ಬೂದಿಯಾದ ನೀಲಿ. ನವಿ ಪೇಠದಲ್ಲಿ ದೀಪ ಹೊತ್ತುವ ವೇಳೆಗೆ ಅಂಗಡಿಯವರು ಸೀರೆ ಬಿಚ್ಚಿ ಬಣ್ಣ ಬಿಡುವುದಿಲ್ಲವೆಂದು ಆಣೆ ಇಡುತ್ತಿರುತ್ತಾರೆ. ಉಕ್ಕಿನ ಬಣ್ಣಕ್ಕೆ ಅಂಥ ಆಣೆ ಇಡುವವರಿಲ್ಲ. ವರ್ಷಕ್ಕೊಮ್ಮೆ ಎಣ್ಣೆಯ ಬಟ್ಟೆಯಿಂದ ಒರೆಸಿಟ್ಟರೆ ಅಜ್ಜನ ಕೈ ಸವೆಸಿದ ಗುರುತು ಮೊಮ್ಮಗನ ಕಾಲಕ್ಕೂ ಹಾಗೆಯೇ ಉಳಿದೀತು.