ಹೊಳೆ ದಾಟುವ ಟ್ಯಾಂಕು

ಯುದ್ಧದ ಟ್ಯಾಂಕು ಅಂದಕೂಡಲೇ ಮರಳುಗಾಡು, ಗೋಧಿ ಹೊಲ, ಕಣ್ಣು ಹಾಯುವಷ್ಟು ಬಯಲು ನೆನಪಾಗುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನೆಲ ಅದಕ್ಕೆ ಒಗ್ಗುವಂಥದ್ದಲ್ಲ. ಇಲ್ಲಿ ಹೆಜ್ಜೆಗೊಂದು ತೋಡು, ಹರದಾರಿಗೊಂದು ಹೊಳೆ, ಹೊಳೆಯ ನಡುವೆ ಕುದ್ರು. ಗಂಗೊಳ್ಳಿಯ ಅಳಿವೆಯಲ್ಲಂತೂ ಐದು ಹೊಳೆಗಳು ಒಟ್ಟಾಗಿ ಕಡಲಿಗೆ ಸೇರುತ್ತವೆ. ನಿಜವಾದ ಟ್ಯಾಂಕನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಘಟ್ಟ ಹತ್ತಿ ಮಡಿಕೇರಿಗೆ ಹೋಗಬಹುದು. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಲ್ಲಿ ಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಅದರ ಅಂಗಳದಲ್ಲಿ ಒಂದು ಟಿ-55 ನಿಂತಿದೆ.

ನಾನು ಜಗಲಿಯ ಮೇಜಿನ ಮೇಲೆ ಪ್ಲಾಸ್ಟಿಕ್ ಮಾದರಿಯಾಗಿ ಕಟ್ಟಲು ಆರಿಸಿಕೊಂಡದ್ದು ಮಾತ್ರ ನಮ್ಮ ಹೊಳೆಗೆ ಇಳಿದರೂ ಮುಳುಗದ ಟ್ಯಾಂಕು, ಪಿಟಿ-76. ರಷ್ಯನ್ನರು 1950ರ ದಶಕದ ಆರಂಭದಲ್ಲಿ ಸೈನ್ಯಕ್ಕೆ ಸೇರಿಸಿಕೊಂಡ, ನಮ್ಮ ಸೈನ್ಯವೂ ಬಳಸಿದ ಹಗುರ ಟ್ಯಾಂಕು ಇದು. ತೂಕ ಸುಮಾರು 14 ಟನ್. ಒಳಗೆ ಮೂರೇ ಜನ. ಹೊಟ್ಟೆಯಡಿಯಿಂದ ನೀರು ಎಳೆದುಕೊಂಡು ಹಿಂಬದಿಯ ಎರಡು ಬಾಯಿಗಳಿಂದ ರಭಸವಾಗಿ ಉಗುಳುತ್ತ ತಾಸಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ ಈಜುತ್ತದೆ. ಒಂದು ಬಾಯಿ ಮುಚ್ಚಿದರೆ ಆ ಕಡೆಗೆ ತಿರುಗುತ್ತದೆ. ತೇಲಬೇಕಾದ್ದರಿಂದ ಮೈಯ ಉಕ್ಕು ತೆಳು. ದೊಡ್ಡ ಮೆಷಿನ್‌ಗನ್ನಿನ ಗುಂಡು ಕೂಡ ಪಕ್ಕೆಯನ್ನು ತೂರಿ ಒಳಗೆ ಬರಬಲ್ಲದು. ಅದರೊಳಗೆ ಕೂತವರ ಧೈರ್ಯ ಎಂಥದ್ದಿರಬೇಕು ಎಂಬುದನ್ನು ಈ ಒಂದು ಸಂಗತಿಯೇ ಹೇಳುತ್ತದೆ.

1971ರ ಯುದ್ಧ ಅಧಿಕೃತವಾಗಿ ಶುರುವಾದದ್ದು ಡಿಸೆಂಬರ್ 3ಕ್ಕೆ. ಅದಕ್ಕೂ ಮುಂಚೆ ನವೆಂಬರ್ 21ರ ಬೆಳಗಿನ ದಟ್ಟ ಮಂಜಿನಲ್ಲಿ, ಪೂರ್ವ ಬಂಗಾಳದ ಗರೀಬ್‌ಪುರ ಎಂಬ ಹಳ್ಳಿಯ ಬಳಿ, 45ನೇ ಕ್ಯಾವಲ್ರಿಯ ಪಿಟಿ-76ಗಳು ಪಾಕಿಸ್ತಾನದ ಶಾಫೀ ಟ್ಯಾಂಕುಗಳನ್ನು ಎದುರಿಸಿದವು. ಜೊತೆಗೆ 14ನೇ ಪಂಜಾಬ್ ಪಡೆಯ ಕಾಲಾಳುಗಳಿದ್ದರು. ನಮ್ಮ ತುಕಡಿಯ ಮುಖ್ಯಸ್ಥ ಮೇಜರ್ ದಲ್ಜಿತ್ ಸಿಂಗ್ ನಾರಂಗ್ ಕಾಳಗದಲ್ಲೇ ಮಡಿದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಮುಂದಾಳತ್ವ ವಹಿಸಿಕೊಂಡ ಕ್ಯಾಪ್ಟನ್ ಬಲರಾಮ್ ಸಿಂಗ್ ಮೆಹ್ತಾ ಎಷ್ಟೋ ವರ್ಷಗಳ ನಂತರ ಆ ದಿನದ ಬಗ್ಗೆ ಪುಸ್ತಕ ಬರೆದರು. 2023ರಲ್ಲಿ ಬಂದ 'ಪಿಪ್ಪಾ' ಎಂಬ ಹಿಂದಿ ಚಿತ್ರ ಅದರ ಮೇಲೆಯೇ ನಿಂತದ್ದು. ಹೊಳೆ, ಗದ್ದೆ, ತಾಳೆಮರ, ಕೆಸರು ಇರುವ ನಾಡಿನಲ್ಲಿ ಆದ ಆ ಕಾಳಗವನ್ನು ಓದುವಾಗ ಭೂಗೋಳ ನನಗೆ ಹೊಸದೆನಿಸಲಿಲ್ಲ.

ನನ್ನ ಕಿಟ್ ಚೀನಾದ ಟ್ರಂಪೆಟರ್ ಕಂಪನಿಯದ್ದು, 35ಕ್ಕೆ 1ರ ಅಳತೆ. ಈ ವಿಚಿತ್ರ ಅಳತೆ ಜಗತ್ತಿಗೆಲ್ಲ ರೂಢಿಯಾದದ್ದು ಜಪಾನಿನ ಶಿಜುವೋಕಾ ಊರಿನ ತಮಿಯಾ ಕಂಪನಿಯಿಂದ. ಅವರದ್ದು ಮೊದಲು ಮರದ ಮಿಲ್ಲು. ಮರದ ಮಾದರಿಗಳಿಂದ ಶುರುಮಾಡಿ ಪ್ಲಾಸ್ಟಿಕ್ಕಿಗೆ ಬಂದವರು. 1960ರ ದಶಕದ ಆರಂಭದಲ್ಲಿ ಮೋಟರು ಇಟ್ಟು ಓಡಿಸುವ ಜರ್ಮನ್ ಪ್ಯಾಂಥರ್ ಟ್ಯಾಂಕು ಮಾಡುವಾಗ, ಒಳಗೆ ಬ್ಯಾಟರಿ ಸೆಲ್ಲುಗಳು ಹಿಡಿಸುವಂತೆ ಮೈಯನ್ನು ಅಳೆದುಕೊಂಡರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅದು ಅಸಲಿಯ 35ರಲ್ಲಿ ಒಂದು ಪಾಲಾಗಿತ್ತು. ಅದೇ ಈಗ ಟ್ಯಾಂಕು ಕಟ್ಟುವವರ ಶಾಸ್ತ್ರ. ಏಳೂವರೆ ಮೀಟರಿಗಿಂತ ಉದ್ದದ ಪಿಟಿ-76 ಈ ಲೆಕ್ಕದಲ್ಲಿ ಒಂದು ಗೇಣಿನಷ್ಟಾಗುತ್ತದೆ. 76 ಮಿಲಿಮೀಟರ್ ಫಿರಂಗಿಯ ಬಾಯಿ ಎರಡು ಮಿಲಿಮೀಟರಿಗೆ ಇಳಿಯುತ್ತದೆ. ಸೈನಿಕ ಹೆಚ್ಚುಕಡಿಮೆ ಹೆಬ್ಬೆರಳಷ್ಟೇ ಎತ್ತರ.

ಪ್ಲಾಸ್ಟಿಕ್ಕಿನ ಚೌಕಟ್ಟಿನಿಂದ ಒಂದೊಂದೇ ಭಾಗವನ್ನು ಸಣ್ಣ ಕಟರಿನಿಂದ ಬಿಡಿಸಬೇಕು. ಬಿಡಿಸಿದಲ್ಲಿ ಉಳಿದ ಮೊಳೆಯನ್ನು ಉಪ್ಪುಕಾಗದದಿಂದ ಉಜ್ಜಿ ಬೆರಳಿಗೆ ತಾಗದ ಹಾಗೆ ಮಾಡಬೇಕು. ಪಕ್ಕಕ್ಕೆ ಆರಾರು ಗಾಲಿ, ಅವುಗಳ ಸುತ್ತ ಪಟ್ಟಿ. ಗಾಲಿಗಳೆಲ್ಲ ಒಂದೇ ಮಟ್ಟಕ್ಕೆ ನೆಲ ಮುಟ್ಟಬೇಕು. ಒಂದು ಎತ್ತರವಾದರೆ ಟ್ಯಾಂಕು ತನ್ನ ಭಾರ ಕಳೆದುಕೊಂಡು ಆಟಿಕೆಯಾಗಿಬಿಡುತ್ತದೆ. ಭಾರವಿಲ್ಲದ ವಸ್ತುವಿನಲ್ಲಿ ಭಾರ ಕಾಣಿಸುವುದು ಅಳತೆಯಿಂದ ಮಾತ್ರ. ಈ ವಿದ್ಯೆಗೆ ನಮ್ಮಲ್ಲೇ ದೊಡ್ಡ ಗುರುಮನೆಯಿದೆ. ಉಪ್ಪಿನಕುದ್ರಿನ ಯಕ್ಷಗಾನ ಸೂತ್ರದ ಗೊಂಬೆಗಳು ಸುಮಾರು ಒಂದೂವರೆ ಅಡಿಯವು. ಕೊಗ್ಗ ದೇವಣ್ಣ ಕಾಮತರು ದೇಶವಿದೇಶಗಳಿಗೆ ಒಯ್ದ, ಈಗ ಭಾಸ್ಕರ ಕೊಗ್ಗ ಕಾಮತರು ನಡೆಸುತ್ತಿರುವ ಆ ಆಟದಲ್ಲಿ ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲವೂ ಬಡಗುತಿಟ್ಟಿನ ವೇಷದ ಕ್ರಮದಲ್ಲೇ ಇಳಿದುಬಂದಿವೆ. ಚೆಂಡೆಯ ಪೆಟ್ಟು ಬಿದ್ದು ಸ್ವಲ್ಪ ಹೊತ್ತಿಗೆ ನೋಡುವವರಿಗೆ ಅವು ಚಿಕ್ಕವು ಎಂಬುದೇ ಮರೆತುಹೋಗುತ್ತದೆ. ಮಾದರಿ ಕಟ್ಟುವವನು ಬಯಸುವ ಮರೆವು ಅದೇ.

ಕರಾವಳಿಯಲ್ಲಿ ಬಣ್ಣದ ಕೆಲಸಕ್ಕೆ ಪಂಚಾಂಗ ನೋಡಬೇಕು. ಆಸಾಡಿಯ ಮಳೆಯಲ್ಲಿ ಲ್ಯಾಕರ್ ಬಣ್ಣ ಸಿಂಪಡಿಸಿದರೆ ಅದರ ದ್ರಾವಕ ಬೇಗ ಆರುವ ಭರದಲ್ಲಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಕೂತು ಬಣ್ಣವೆಲ್ಲ ಹಾಲು ಸವರಿದ ಹಾಗೆ ಬಿಳುಚಿಕೊಳ್ಳುತ್ತದೆ. ಅದಕ್ಕಾಗಿ ಮಳೆಗಾಲದಲ್ಲಿ ಕಟ್ಟುವುದು, ದಸರೆ ಕಳೆದು ಒಣಗಾಳಿ ಬೀಸತೊಡಗಿದ ಮೇಲೆ ಬಣ್ಣ ಹಚ್ಚುವುದು ನಮ್ಮ ಕಡೆಗೆ ಸರಿಯಾದ ಕ್ರಮ. ಮೊದಲು ಬೂದು ಪ್ರೈಮರ್. ಅದರ ಮೇಲೆ ಕಡು ಹಸಿರು, ಬಿಸಿಲು ಬೀಳುವ ಮೇಲ್ಭಾಗಕ್ಕೆ ಒಂದು ಪಾಲು ತಿಳಿ ಹಸಿರು. ದೂರದ ವಸ್ತು ಗಾಳಿಯ ಪೊರೆಯ ಆಚೆಗೆ ಮಸುಕಾಗಿ ಕಾಣುವುದರಿಂದ ಮಾದರಿಗೆ ಅಸಲಿ ಬಣ್ಣಕ್ಕಿಂತ ತಿಳಿಯಾದದ್ದೇ ಹೊಂದುತ್ತದೆ. ಆಮೇಲೆ ಟರ್ಪೆಂಟೈನಿನಲ್ಲಿ ನೀರಾಗಿಸಿದ ಕಂದು ತೈಲವರ್ಣವನ್ನು ಕುಂಚದ ತುದಿಯಿಂದ ಒಂದು ಬೋಲ್ಟಿನ ಬುಡಕ್ಕೆ ಮುಟ್ಟಿಸಿದರೆ ಅದು ತಾನಾಗಿಯೇ ಸುತ್ತ ಹರಿದು ನೆರಳಿನ ಬಳೆ ಬರೆಯುತ್ತದೆ. ಅಲ್ಲಿಯವರೆಗೆ ಕಾಣದಿದ್ದ ಬೋಲ್ಟುಗಳು ಒಂದೊಂದಾಗಿ ಎದ್ದು ಬರುತ್ತವೆ. ಈ ಘಳಿಗೆಯ ಸಂತೋಷವನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ.

ಇಷ್ಟಾದರೂ ಅದು ಕಾರ್ಖಾನೆಯಿಂದ ಹೊರಬಂದ ಟ್ಯಾಂಕು. ಹೊಳೆ ದಾಟಿದ ಟ್ಯಾಂಕಾಗಬೇಕಾದರೆ ಅದಕ್ಕೆ ಒಂದು ದಿನದ ಬದುಕು ಬೇಕು. ಮೊದಲು ದಾರಿಯ ಧೂಳು. ಆಮೇಲೆ ನೀರು, ಅದು ಕೆಳಮೈಯ ಧೂಳನ್ನು ತೊಳೆದು ಒಂದು ಗೆರೆ ಬಿಟ್ಟು ಹೋಗುತ್ತದೆ. ಕೊನೆಗೆ ಆಚೆ ದಡದ ಕೆಸರು. ಅದು ಒದ್ದೆ ಮೈಗೆ ಹತ್ತುತ್ತದೆ. ಬಣ್ಣ ಹಚ್ಚುವ ಕ್ರಮವೆಂದರೆ ಆ ದಿನ ಟ್ಯಾಂಕಿಗೆ ಏನೇನು ಆಯಿತೋ ಅದರದೇ ಕ್ರಮ. ಈ ಕ್ರಮ ತಪ್ಪಿದರೆ ಎಷ್ಟು ಚಂದದ ಕೆಸರೂ ಸುಳ್ಳಾಗುತ್ತದೆ.

ಕೆಸರನ್ನು ಕಲಿಯಲು ನಮ್ಮವರು ಪುಸ್ತಕ ತೆರೆಯಬೇಕಿಲ್ಲ. ವಂಡಾರಿನಲ್ಲೋ ತಗ್ಗರ್ಸೆಯಲ್ಲೋ ಕಂಬಳದ ದಿನ ಓಟ ಮುಗಿಸಿ ನಿಂತ ಕೋಣಗಳ ಪಕ್ಕ ಹೋಗಿ ನೋಡಿದರೆ ಸಾಕು. ಕಾಲಿನಲ್ಲಿ ಕೆಸರು ದಪ್ಪ, ಹೊಟ್ಟೆಯ ಮೇಲೆ ಹಿಂದಕ್ಕೆ ಚಿಮ್ಮಿದ ಉದ್ದ ಹನಿ, ಬೆನ್ನಿನ ಮೇಲೆ ಬಿಡಿ ಚುಕ್ಕೆ. ಒಣಗುವಾಗ ಅಂಚು ಮೊದಲು ಬಿಳಿಚುತ್ತದೆ, ನಡು ಕಪ್ಪಾಗಿ ಉಳಿಯುತ್ತದೆ. ನಮ್ಮ ಮುರಕಲ್ಲಿನ ಕೆಂಪು ಧೂಳು ಬಂಗಾಳದ ಟ್ಯಾಂಕಿಗೆ ಸಲ್ಲದು. ಹೊಳೆಬದಿಯ ಬೂದು ಜೇಡಿ ಹತ್ತಿರದ್ದು. ಅದನ್ನು ಒಣಗಿಸಿ, ಅರೆದು, ತೆಳು ಬಟ್ಟೆಯಲ್ಲಿ ಸೋಸಿ ಗಾಲಿಗಳ ಸಂದಿಗೆ ತುಂಬಿದ್ದೇನೆ.

ನೀರಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಯೋಚನೆಯಲ್ಲಿದ್ದಾಗ ಗಂಗೊಳ್ಳಿ ಕಡೆಯ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಹರೆಯದಲ್ಲಿ ರಂಪಣಿ ದೋಣಿಯಲ್ಲಿ ದುಡಿದವರು. ಟ್ಯಾಂಕು ಎಷ್ಟು ಮುಳುಗಿ ಹೋಗುತ್ತದೆ ಎಂದು ನಾನು ಬೆರಳಿಟ್ಟು ತೋರಿಸಿದೆ. ಮೈಯ ಮೇಲಂಚಿಗೂ ನೀರಿಗೂ ಅಂತರವೇ ಇಲ್ಲದಷ್ಟು ತಗ್ಗು.

"ಇಷ್ಟ್ ತಗ್ಗಿಗ್ ಕೂತ್ಕಂಡ್ ಹ್ವಾಪ್ದಾ ಮಾರಾಯ್ರೆ? ಅಲಿ ಬಂದ್ರ್ ಎಂತ ಮಾಡುದ್?" ಎಂದು ಕೇಳಿದರು.

ಮೂತಿಯಲ್ಲಿ ಮಡಚಿಟ್ಟಿದ್ದ ಹಲಗೆಯನ್ನು ಎತ್ತಿ ತೋರಿಸಿದೆ. ನೀರಿಗೆ ಇಳಿಯುವ ಮುಂಚೆ ಪಿಟಿ-76 ಅದನ್ನು ಎದುರಿಗೆ ಎತ್ತಿ ನಿಲ್ಲಿಸಿಕೊಳ್ಳುತ್ತದೆ, ಎದುರಿನ ನೀರು ಮೈಮೇಲೆ ಏರದಿರಲಿ ಎಂದು. ಅವರು ಒಪ್ಪಿ ತಲೆಯಾಡಿಸಿದರು. ಮೂತಿ ನೀರನ್ನು ಒತ್ತಿಕೊಂಡು ಹೋಗುವಾಗ ಗೆರೆ ಮುಂದೆ ಏರಿ ಹಿಂದೆ ಇಳಿಯಬೇಕು, ಅಡಿಕೋಲಿಟ್ಟು ಎಳೆದ ಹಾಗೆ ಇರಕೂಡದು ಎಂದು ತಿಳಿಸಿಕೊಟ್ಟರು. ಈಗ ನನ್ನ ಟ್ಯಾಂಕಿನ ಪಕ್ಕೆಯಲ್ಲಿರುವುದು ಅವರು ಹೇಳಿದ ಗೆರೆ.

ಅವರು ಹೋದ ಮೇಲೆ ಒಂದು ವಿಚಾರ ನನ್ನನ್ನು ಬಿಡದೆ ಹಿಡಿದುಕೊಂಡಿತು. 1971ರ ಒಂದು ಟ್ಯಾಂಕಿನ ಪ್ರತಿಯೊಂದು ಬೋಲ್ಟು ಎಲ್ಲಿತ್ತು ಎಂಬುದು ಇವತ್ತಿಗೂ ಬರೆದಿಟ್ಟ ಹಾಗಿದೆ. ದುಡ್ಡು ಕೊಟ್ಟರೆ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಅದೇ 1971ರಲ್ಲಿ ನಮ್ಮ ಕಡಲ ದಂಡೆಯಲ್ಲಿ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ದೋಣಿ, ಆ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಹಿಂದೆ ಸರಿಯಿತು. ಅದರ ಕಿಟ್ ಯಾವ ಅಂಗಡಿಯಲ್ಲೂ ಇಲ್ಲ. ಉದ್ದ ಎಷ್ಟು, ಹಲಗೆಗೆ ಹಲಗೆ ಕೂಡಿಸುತ್ತಿದ್ದುದು ಹೇಗೆ, ಬಲೆ ಹೇರಿದಾಗ ಎಷ್ಟು ಮುಳುಗುತ್ತಿತ್ತು, ಇವೆಲ್ಲ ಮೊಳ ಗೇಣಿನ ಲೆಕ್ಕದಲ್ಲಿ ಕೆಲವು ಹಿರಿಯರ ನೆನಪಿನಲ್ಲಿವೆ.

ಟ್ಯಾಂಕು ಕಟ್ಟಿ ಕಲಿತದ್ದು ಅಲ್ಲಿಗೆ ಬೇಕಾದ ವಿದ್ಯೆಯೇ. ಅಳೆಯುವುದು, 35ರಿಂದ ಭಾಗಿಸುವುದು, ಯಾವುದರ ಮೇಲೆ ಯಾವುದು ಕೂತಿತು ಎಂದು ಕ್ರಮವಾಗಿ ನೋಡುವುದು, ಅದನ್ನು ಬಳಸಿದವರನ್ನು ಕೂರಿಸಿಕೊಂಡು ಕೇಳುವುದು. ನಮ್ಮ ಶಾಲೆಗಳಲ್ಲಿ ಇಂಥ ಕೆಲಸ ನಡೆಯಬೇಕು. ಮೊದಲು ಮಕ್ಕಳ ಕೈಗೆ ಕಿಟ್ ಕೊಡೋಣ, ಟ್ಯಾಂಕೋ ವಿಮಾನವೋ ಅವರಿಗೆ ಇಷ್ಟವಾದದ್ದು. ಕೈ ಪಳಗಿದ ಮೇಲೆ ಅವರು ಟೇಪು, ಪೆನ್ಸಿಲ್ ಹಿಡಿದು ಗಂಗೊಳ್ಳಿ, ಮರವಂತೆ, ಶಿರೂರಿನ ದಂಡೆಗೆ ಹೋಗಲಿ. ಯಾವುದಾದರೂ ಹಳೆಯ ದೋಣಿ ತೆಂಗಿನ ಗರಿಯಡಿ ಉಳಿದಿದ್ದರೆ ಗೆದ್ದಲು ತಿಂದು ಮುಗಿಸುವ ಮುಂಚೆ ಅದರ ನಕ್ಷೆ ಬರೆಯಲಿ. ಆ ಹಿರಿಯರನ್ನು ಮತ್ತೆ ಕರೆದಿದ್ದೇನೆ. ಈ ಸಲ ಮೇಜಿನ ಮೇಲೆ ಬಿಳಿ ಹಾಳೆ ಹರಡಿರುತ್ತದೆ, ಹೇಳುವವರು ಅವರು, ಬರೆದುಕೊಳ್ಳುವವನು ನಾನು.