ಅರ್ಧ ಖಾಲಿ ಬಾಟಲಿ

ಅಥಣಿಯ ಅಂಗಡಿಯಿಂದ ಬೇರಿಂಗ್ ಕೂಡಿಸುವ ಅಂಟು ತಂದೆವು. ನೋಡಿದರೆ ಬಾಟಲಿ ಅರ್ಧ ಖಾಲಿ. ಸುದ್ದಿ ಬರೆಯುವ ನಮಗೇ ಮೋಸವೇ ಎಂದು ಸಿಟ್ಟು ಬಂತು. ತಪ್ಪು ನಮ್ಮದೇ ಎಂದು ಆಮೇಲೆ ಗೊತ್ತಾಯಿತು.

ನಮ್ಮದು ಕೃಷ್ಣೆಯ ದಂಡೆಯ ಕಬ್ಬಿನ ಹೊಲ. 2019ರ ಮಹಾಪೂರದಲ್ಲಿ ಪಂಪಿನ ಮೋಟರು ಮುಳುಗಿತ್ತು. ತುಕ್ಕು ಹಿಡಿದ ಶಾಫ್ಟನ್ನು ಪಾಲಿಶ್ ಕಾಗದದಿಂದ ಉಜ್ಜಿ ಉಜ್ಜಿ ಸವೆಸಿದೆವು. ಬಡಿದು ಕೂಡಿಸಬೇಕಿದ್ದ ಬೇರಿಂಗು ಕೈಯಿಂದಲೇ ಜಾರಿ ಕೂಡುವಂತಾಯಿತು. ಇದಕ್ಕೆ ನಮ್ಮ ಕಡೆಯ ಹಳೆಯ ಉಪಾಯವೆಂದರೆ ಶಾಫ್ಟಿಗೆ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆಯುವುದು. ಚುಕ್ಕಿಯ ಸುತ್ತ ಲೋಹ ಉಬ್ಬಿ ಬೇರಿಂಗು ಬಿಗಿಯಾಗುತ್ತದೆ. ಆ ಉಬ್ಬು ಸವೆದರೆ ಮತ್ತೆ ಸಡಿಲು. ಎರಡು ಸಲ ಹಾಗೇ ಆಯಿತು.

ಮೂರನೇ ಸಲ ಅಂಟು ಹಚ್ಚಿದೆವು. ಗ್ರೀಸು ಒರೆಸಲಿಲ್ಲ. ರಾತ್ರಿ ತ್ರೀ ಫೇಸ್ ಕರೆಂಟು ಬಂದೊಡನೆ ಸ್ವಿಚ್ ಹಾಕಿದೆವು. ಬೆಳಗಾಗುವಷ್ಟರಲ್ಲಿ ಬೇರಿಂಗು ಶಾಫ್ಟಿನ ಮೇಲೆ ತಿರುಗಿ ಇನ್ನಷ್ಟು ತಿಂದುಹಾಕಿತ್ತು.

ಲೇತಿನ ಮಿಸ್ತ್ರಿ ನಕ್ಕರು. “ಬಾಟ್ಲಿ ಅರ್ಧ ಇರೂದ ಬರೋಬ್ಬರಿ ಐತ್ರಿ ಸಾಹೇಬ್ರ. ಗಾಳಿ ಇದ್ರ ಇದು ನೀರಾಗೇ ಇರತೈತಿ. ಎರಡು ಲೋಹದ ನಡುವ ಗಾಳಿ ಇಲ್ಲದಂಗ ಸಿಕ್ಕಾಗ ಗಟ್ಟಿ ಆಗತೈತಿ. ಎಣ್ಣಿ ಮ್ಯಾಲ ಹಚ್ಚಿದ್ರ ಏನ ಹಿಡದೀತು?”

ಅಳೆದು ನೋಡಿದರೆ ಸಂದು ಅರ್ಧ ಮಿ.ಮೀ. ಹತ್ತಿರವಿತ್ತು. ನಾವು ತಂದಿದ್ದ 638 ನಂಬರಿನ ಅಂಟು ತುಂಬುವುದು ಹೆಚ್ಚೆಂದರೆ 0.25 ಮಿ.ಮೀ. ಅವರು ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ, ಲೇತಿನಲ್ಲಿ ಅಳತೆಗೆ ತಂದರು. ಎಣ್ಣೆಯ ಅಂಶ ಹೋಗುವಂತೆ ಒರೆಸಿ, ತೆಳ್ಳಗೆ ಅಂಟು ಹಚ್ಚಿ, ಗುಂಡುಗಳಿಗೆ ತಾಗದಂತೆ ಬೇರಿಂಗು ಕೂಡಿಸಿದರು. ಬಿಗಿಯಾದ ಮೇಲೆ ಅಂಟು ಯಾಕೆ ಎಂದು ಕೇಳಿದೆವು. ಎಷ್ಟೇ ಬಿಗಿಯಾಗಿ ಕೂತರೂ ಲೋಹಕ್ಕೆ ಲೋಹ ಪೂರ್ತಿ ತಾಗುವುದಿಲ್ಲವಂತೆ. ಆ ಕಾಣದ ಸಂದು ತುಂಬುವುದಷ್ಟೇ ಅಂಟಿನ ಕೆಲಸ. ಸವೆದ ಲೋಹವನ್ನು ಅದು ಮರಳಿ ಕೊಡುವುದಿಲ್ಲ. ಮುಂದೆ ಬೇರಿಂಗು ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಗೆ ಕಾಯಿಸಬೇಕೆಂದೂ ಹೇಳಿದರು.

“24 ತಾಸು ಮುಟ್ಟಬ್ಯಾಡ್ರಿ” ಎಂದು ಕಳಿಸಿದರು. ಆ ರಾತ್ರಿ ಕರೆಂಟು ಬಂತು. ಕಬ್ಬಿನ ಸುಳಿ ಬಾಡಿತ್ತು. ಪಕ್ಕದ ಹೊಲದ ಮೋಟರುಗಳೆಲ್ಲ ಓಡುತ್ತಿದ್ದವು. ಅಣ್ಣ ಎರಡು ಸಲ ಸ್ವಿಚ್ಚಿನ ತನಕ ಹೋಗಿ ಬಂದ. ಆದರೆ ಹಾಕಲಿಲ್ಲ.

ಆ ಒಂದು ಪಾಳಿಯ ನೀರು ಹೋಯಿತು. ಬೇರಿಂಗು ಮಾತ್ರ ಇವತ್ತಿಗೂ ಕದಲಿಲ್ಲ.