ಮಲೆನಾಡಿನ ಒಂದು ಬಚ್ಚಲುಮನೆ

2023ನೆಯ ಇಸವಿಯ ದೀಪಾವಳಿಗೆ ಒಂದು ವಾರ ಮುಂಚಿತವಾಗಿ ನಾನು ತೀರ್ಥಹಳ್ಳಿಯ ಸೀಮೆಯಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟೆನು. ಶಿವಮೊಗ್ಗೆಯಲ್ಲಿ ರೈಲನ್ನಿಳಿದು ಬಸ್ಸನ್ನೇರಿದರೆ ಮುಂದಿನ ಸುಮಾರು 60 ಕಿಲೋಮೀಟರುಗಳ ದಾರಿಯು ಬಹುಮಟ್ಟಿಗೆ ತುಂಗೆಯ ಒತ್ತಿನಲ್ಲಿಯೇ ಸಾಗುವುದು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಯ ಬಿಡಾರ, ಹಕ್ಕಿಗಳು ಗೂಡುಕಟ್ಟುವ ಮಂಡಗದ್ದೆ, ಇವುಗಳನ್ನು ದಾಟಿದಂತೆಲ್ಲ ಕಾಡು ದಟ್ಟವಾಗುವುದು. ಗಾಳಿಯಲ್ಲಿ ತೇವವು ಹೆಚ್ಚುವುದು. ನಮ್ಮ ಕಣ್ಣಿಗೆ ಇಷ್ಟು ಸೊಗಸಾಗಿ ತೋರುವ ಆ ತೇವವು ವೃದ್ಧರ ಕಾಲಿಗೆ ಎಷ್ಟು ಕಂಟಕವೆಂಬುದು ಅಕ್ಕನ ಮನೆಯಲ್ಲಿ ತಿಳಿಯಿತು.

ಮಲೆನಾಡಿನ ಬಚ್ಚಲುಮನೆಯನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಅದು ಹಿತ್ತಲ ಕಡೆಗೆ, ವಾಸದ ಮನೆಗಿಂತ ಒಂದು ಮೆಟ್ಟು ತಗ್ಗಿನಲ್ಲಿರುವುದು. ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಅದರ ಬದಿಗೆ ಮೀಯುವವರಿಗೆಂದು ಹಾಸಿದ ಕಲ್ಲುಚಪ್ಪಡಿ, ಹೊಗೆ ಹಿಡಿದ ಗೋಡೆ, ಅಂಗೈಯಗಲದ ಬೆಳಕಿಂಡಿ. ತಲೆಮಾರುಗಳ ಎಣ್ಣೆಯನ್ನೂ ಸೀಗೆಯನ್ನೂ ಕುಡಿದ ಆ ಚಪ್ಪಡಿಯು ಕನ್ನಡಿಯಂತೆ ನುಣುಪಾಗಿತ್ತು. ಬಾಲ್ಯದಲ್ಲಿ ರಜೆಗೆ ಬಂದಾಗ ನಾನೇ ಅಲ್ಲಿ ಎಷ್ಟು ಸಲ ಜಾರಿದೆನೋ! ಆಗ ಎಲ್ಲರೂ ನಗುತ್ತಿದ್ದರು.

2021ರ ಮಳೆಗಾಲದಲ್ಲಿ ಅಕ್ಕನು ಅಲ್ಲಿಯೇ ಜಾರಿದಳು. ಆಗ ಅವಳಿಗೆ ಎಪ್ಪತ್ತನಾಲ್ಕು ವರ್ಷ. ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ತರುವಾಯ ಕೋಲನ್ನೂರಿ ನಡೆಯುವಂತಾದರೂ ಸ್ನಾನಕ್ಕೆ ಮಾತ್ರ ಸೊಸೆಯು ಹಿಡಿದುಕೊಂಡೇ ಇರಬೇಕಾಯಿತು. ಸೊಸೆಯು ಬೇಸರಪಟ್ಟವಳಲ್ಲ, ಅಕ್ಕನಿಗೇ ಅದು ಸಂಕೋಚ.

“ತಮ್ಮಾ, ನೀರು ತುಂಬುವ ಹಬ್ಬ ನಿಮಗಿರಲಿ. ನನಗೆ ಒದ್ದೆ ಬಟ್ಟೆಯಲ್ಲಿ ಮೈಯೊರೆಸಿಕೊಂಡರೆ ಸಾಕು,” ಎಂದಳು.

ಹಂಡೆಯನ್ನು ಬೆಳಗಿ ಪೂಜಿಸುವುದರಲ್ಲಿ ಆ ಮನೆಗೇ ಮೊದಲಿಗಳಾಗಿದ್ದವಳ ಬಾಯಿಂದ ಈ ಮಾತು ಬಂದುದನ್ನು ಕೇಳಿ ನಾನೂ ಅಳಿಯನೂ ಸುಮ್ಮನಿರಲಾರದೆ ಮರುದಿನವೇ ಕೆಲಸಕ್ಕೆ ತೊಡಗಿದೆವು.

ಕಲ್ಲುಕುಟಿಗನು ಚಪ್ಪಡಿಯನ್ನು ಉಳಿಯಿಂದ ಹೊಡೆದು ತರಿತರಿಯಾಗಿಸಿದನು. ಅರ್ಧ ಅಡಿ ಎತ್ತರದ ಮೆಟ್ಟನ್ನು ತೆಗೆಸಿ, ಅಂಗುಲವೊಂದಕ್ಕೆ ಒಂದು ಅಡಿಯ ಲೆಕ್ಕದಲ್ಲಿ 6 ಅಡಿ ಉದ್ದದ ಇಳಿಜಾರನ್ನು ಮಾಡಿಸಿದೆವು. ಗೋಡೆಗೆ ಒಂದೂವರೆ ಅಂಗುಲ ದಪ್ಪದ ಉಕ್ಕಿನ ಹಿಡಿಕೆಗಳನ್ನು ನೆಲದಿಂದ ಸುಮಾರು 34 ಅಂಗುಲ ಎತ್ತರದಲ್ಲಿ, ಬೆರಳುಗಳು ನುಸುಳುವಷ್ಟು ಎಡೆ ಬಿಟ್ಟು ಭದ್ರಪಡಿಸಿದೆವು. ಅರಿವೆ ಹಾಕುವ ಸರಳು ಜಾರುವವರ ಭಾರವನ್ನು ತಾಳದು, ಅದನ್ನು ನಂಬತಕ್ಕದ್ದಲ್ಲ. ಕುಳಿತೇ ಮೀಯಲು ಮೊಣಕಾಲಿನೆತ್ತರದ, ಕಾಲುಗಳಿಗೆ ರಬ್ಬರು ತೊಡಿಸಿದ ಭಾರವಾದ ಪೀಠವೊಂದು ಬಂದಿತು. ಕದವು ಹೊರಕ್ಕೆ ತೆರೆಯುವಂತೆ ತಿರುಗಿಸಿದೆವು. ಒಳಕ್ಕೆ ತೆರೆಯುವ ಕದಕ್ಕೆ ಬಿದ್ದವರ ದೇಹವೇ ಅಡ್ಡವಾಗುವುದು. ದೀಪದ ಗುಂಡಿಯು ಹೊರಗೋಡೆಗೆ ಬಂದಿತು. ಬಕೆಟ್ಟಿಗೆ ತಣ್ಣೀರನ್ನು ಮೊದಲು ಹಾಕಿ ಆಮೇಲೆ ಬಿಸಿನೀರನ್ನು ಬೆರೆಸುವುದೆಂದೂ, ಎಣ್ಣೆಯನ್ನು ಹೊರಗೆ ಕುಳಿತು ಹಚ್ಚಿಕೊಂಡು ಅಂಗಾಲನ್ನು ಒರೆಸಿಯೇ ಒಳಕ್ಕೆ ಕಾಲಿಡುವುದೆಂದೂ ಗೊತ್ತುಮಾಡಿದೆವು.

ನರಕಚತುರ್ದಶಿಯ ನಸುಕಿನಲ್ಲಿ ಅಕ್ಕನು ಹಿಡಿಕೆಯನ್ನು ಹಿಡಿದು ಒಬ್ಬಳೇ ಇಳಿದಳು. ಕದವನ್ನು ಮುಚ್ಚಿದಳು, ಅಗುಳಿಯನ್ನು ಹಾಕಲಿಲ್ಲ. ಸೊಸೆಯು ಹೊರಗೆ ಕಿವಿಗೊಟ್ಟು ನಿಂತಳು. ಒಳಗಿನಿಂದ ನೀರಿನ ಸಪ್ಪಳವೂ, ನಡುವೆ ಮೆಲ್ಲನೆ ಹಾಡಿನ ದನಿಯೂ ಕೇಳಿಸಿತು. ತಲೆಗೆ ಬಟ್ಟೆ ಸುತ್ತಿಕೊಂಡು ಹೊರಬಂದ ಅಕ್ಕನು ಮೆಟ್ಟು ಇದ್ದ ಜಾಗವನ್ನು ನೋಡುತ್ತ ನಿಂತಳು.

“ನಾನು ಮದುವೆಯಾಗಿ ಬಂದಂದಿನಿಂದ ಈ ಮೆಟ್ಟು ಇತ್ತಲ್ಲೋ! ನಾನು ಬೀಳುವವರೆಗೆ ಒಬ್ಬರ ಕಣ್ಣಿಗೂ ಕಾಣಲಿಲ್ಲವಲ್ಲ!” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲಿ ಜಾರಿ ನಕ್ಕವರಲ್ಲಿ ನಾನೂ ಒಬ್ಬನಷ್ಟೆ. ವಾಚಕ ಮಹಾಶಯರೂ ಗೃಹಿಣಿಯರೂ ಈ ದಿನ ಸಂಜೆ ತಮ್ಮ ಮನೆಯ ಬಚ್ಚಲನ್ನು ಒಮ್ಮೆ ಹಿರಿಯರ ಹೆಜ್ಜೆಯಲ್ಲಿ ನಡೆದು ನೋಡಬೇಕೆಂದು ನನ್ನ ಪ್ರಾರ್ಥನೆ. ನಮ್ಮ ಕೆಲಸವು ನಾಲ್ಕು ದಿನಗಳಲ್ಲಿ ಮುಗಿಯಿತು. ಅದನ್ನು ಎರಡು ವರ್ಷ ಮೊದಲೇ ಮಾಡಬಹುದಾಗಿತ್ತು.